ನಿಧಾನದ ಅರ್ಧ ಗಂಟೆ

ನಮ್ಮೂರಿನಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಮನೆಯೊಳಗೆ ಎಷ್ಟು ಬೇಕಾದರೂ ಮಾತಾಡಬಹುದು, ಹಾಡಬಹುದು, ಕೂಗಾಡಬಹುದು. ಬಾಗಿಲಿನಾಚೆ ಒಂದು ಹೆಜ್ಜೆ ಇಟ್ಟರೆ ತುಟಿ ಮಾತ್ರ ಅಲ್ಲಾಡುತ್ತದೆ. ನಾಯಿ ಬೊಗಳಿದ್ದು ಕೇಳುತ್ತದೆ, ಗಾಡಿಯ ಗಾಲಿಯ ಸದ್ದು ಕೇಳುತ್ತದೆ, ಮನುಷ್ಯರ ದನಿ ಮಾತ್ರ ಇಲ್ಲ. ತರಕಾರಿಯವಳು ಬುಟ್ಟಿಯನ್ನು ಜಗುಲಿಯ ಮೇಲಿಟ್ಟು, ಒಂದು ಕಾಲು ಒಳಗಿಟ್ಟು ಬೆಲೆ ಹೇಳುತ್ತಾಳೆ. ಯಾರನ್ನಾದರೂ ಬೈಯಬೇಕೆಂದರೂ ಅವರನ್ನು ಒಳಗೆ ಕರೆಯಬೇಕು. ಒಳಗೆ ಕರೆದ ಮೇಲೆ ಕಾಫಿ ಕೊಡದಿದ್ದರೆ ಹೇಗೆ? ಹಾಗಾಗಿ ನಮ್ಮೂರಿನ ಜಗಳಗಳೆಲ್ಲ ಸ್ವಲ್ಪ ಮೆತ್ತಗೆ. ಆದರೆ ಒಂಟಿಯಾಗಿರುವವರಿಗೆ ಇಲ್ಲಿನ ಬೀದಿ ಬಹಳ ಉದ್ದವೆನಿಸುತ್ತದೆ. ಕಿಟಕಿಯಲ್ಲಿ ಕೂತರೆ ಜನ ಹೋಗುವುದು ಕಾಣುತ್ತದೆ, ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ನಾನು ಇಲ್ಲಿಗೆ ಬಂದದ್ದು ಬಿ.ಎಸ್ಸಿ. ಮುಗಿಸಿ, ಶಾಲೆಗೆ ವಿಜ್ಞಾನದ ಟೀಚರಾಗಿ. ಹೆಸರು ಇಂದುಮತಿ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಊರೆಂದರೆ ಒಂದೇ ಬೀದಿ, ಒಂದೇ ಸಾಲಿನಲ್ಲಿ ನಲವತ್ತು ಮನೆ. ಶಾಲೆಯ ಪಕ್ಕದ ಮೊದಲನೇ ಮನೆ ನನ್ನದು. ನಲವತ್ತನೆಯದು ಹತ್ತಿ ಹಿಂಜುವ ಗಿರಿಯಣ್ಣನದು. ಅಲ್ಲಿಂದಾಚೆ ಕೆರೆಯ ಏರಿ. ಏರಿಯ ಮೇಲೆ ಒಂದು ಮೈಲಿ ನಡೆದರೆ ತೂಬಿನ ಮನೆ, ಅದರಲ್ಲಿ ದೇವೀರಮ್ಮ. ಅವಳ ಗಂಡ ನೀರುಗಂಟಿಯಾಗಿದ್ದ. ಅವನು ಹೋದ ಮೇಲೆ ತೂಬು ಎತ್ತುವ, ಇಳಿಸುವ ಕೆಲಸ ಅವಳೇ ಮಾಡುತ್ತಿದ್ದಳು. ಆಮೇಲೆ ಗದ್ದೆಗಳಿಗೆ ಬೇರೆ ಕಾಲುವೆ ಬಂತು. ತೂಬು ಎತ್ತುವ ಅಗತ್ಯ ಉಳಿಯಲಿಲ್ಲ, ಅವಳು ಮಾತ್ರ ಅಲ್ಲೇ ಉಳಿದಳು.

ನಾನು ಬಂದ ಮೂರನೇ ವರ್ಷ ಊರಿಗೆ ತಂತಿ ಎಳೆದರು. ತೂಬಿನ ಮನೆಯಿಂದ ಗಿರಿಯಣ್ಣನ ಮನೆಗೆ, ಅಲ್ಲಿಂದ ಪಕ್ಕದ ಮನೆಗೆ, ಹೀಗೆ ಒಂದರಿಂದ ಒಂದಕ್ಕೆ ನನ್ನ ಮನೆಯವರೆಗೆ. ಮನೆಗೊಂದು ಪೆಟ್ಟಿಗೆ. ಪೆಟ್ಟಿಗೆಗೆ ಅಕ್ಷರದ ಕೀಲಿಗಳು, ಮೇಲೆ ಗೇಣುದ್ದದ ಗಾಜಿನ ಪಟ್ಟಿ. ಒಂದು ಮನೆಯಲ್ಲಿ ಒತ್ತಿದ ಅಕ್ಷರ ಪಕ್ಕದ ಮನೆಯ ಗಾಜಿನಲ್ಲಿ ಮೂಡಿ, ಅಲ್ಲಿಂದ ಮುಂದಿನದಕ್ಕೆ, ಒಂದರ ಹಿಂದೆ ಒಂದರಂತೆ ನಡೆದುಹೋಗುತ್ತದೆ. ಯಾರ ಮಾತಾದರೂ ನಡುವಿನ ಎಲ್ಲ ಮನೆ ಹಾದೇ ಹೋಗಬೇಕು. ತಮ್ಮದಲ್ಲದ ಮಾತನ್ನು ಓದಬಾರದು ಎಂದು ಎಲ್ಲರೂ ಪೆಟ್ಟಿಗೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಬಟ್ಟೆ ಎತ್ತಿ ಓದುತ್ತಲೂ ಇದ್ದರು. ಓದಿದ್ದನ್ನು ಹೇಳದಿರುವುದು ಮರ್ಯಾದೆ.

ಒಂಟಿಯಾಗಿ ಇರುವವರು ಬೆಳಿಗ್ಗೆ ಎದ್ದ ಕೂಡಲೇ ಸಾಲಿನಲ್ಲಿ 'ಎದ್ದೆ' ಎಂದು ಕಳಿಸಬೇಕು, ಇದು ಊರಿನ ಪದ್ಧತಿ. ಕಳಿಸದಿದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಮೊದಲು ಹಾಗೆ ಕಳಿಸುವವರು ಏಳೆಂಟು ಜನ ಇದ್ದರು. ಕೊನೆಗೆ ಉಳಿದದ್ದು ದೇವೀರಮ್ಮ ಮತ್ತು ನಾನು. ಅವಳು ಆರು ಗಂಟೆಗೆ ಕಳಿಸುತ್ತಿದ್ದಳು: 'ಎದ್ದೆ. ನೀರು ಏಳು ಮೆಟ್ಟಿಲು.' ಕೆರೆಯ ನೀರು ಎಷ್ಟನೇ ಮೆಟ್ಟಿಲಿಗಿದೆ ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. ನಾನು ಉತ್ತರ ಕೊಡುತ್ತಿದ್ದೆ: 'ಎದ್ದೆ. ಚಳಿ ಇದೆ, ಕಿವಿಗೆ ಬಟ್ಟೆ ಕಟ್ಟಿಕೊ.' ದಿನಕ್ಕೆ ನನಗೆ ಬರುತ್ತಿದ್ದ ಮಾತು ಅದೊಂದೇ. ಉಳಿದದ್ದೆಲ್ಲ ಶಾಲೆಗೆಂದು ನನ್ನ ಪೆಟ್ಟಿಗೆಗೆ ಬರುತ್ತಿದ್ದ ರಜಾ ಚೀಟಿಗಳು.

ಹಳೆಯ ಪೆಟ್ಟಿಗೆಗಳು ಕಬ್ಬಿಣದವು, ಬಹಳ ನಿಧಾನ. ಮಾಡಿದ ಕಂಪನಿ ಯಾವತ್ತೋ ಮುಚ್ಚಿಹೋಗಿತ್ತು. ಒಂದೇ ಬೇಸಿಗೆಯಲ್ಲಿ ನಾಲ್ಕು ಪೆಟ್ಟಿಗೆ ಕೆಟ್ಟವು. ಸಾಲಿನಲ್ಲಿ ಒಂದು ಕೆಟ್ಟರೆ ಅದರಾಚೆಯ ಮನೆಗಳೆಲ್ಲ ಮೂಕ. ಹೊಸದು ತರಲೇಬೇಕೆಂದು ಮನೆಗಿಷ್ಟು ಎಂದು ಹಣ ಕೂಡಿಸಿದರು. ಆರಿಸುವ ಕೆಲಸ ನನ್ನ ತಲೆಗೆ ಬಂತು. ಊರಿನಲ್ಲಿ ಭೌತಶಾಸ್ತ್ರ ಓದಿದವಳು ನಾನೊಬ್ಬಳೇ ಎಂಬುದಷ್ಟೇ ಕಾರಣ, ಓದಿ ಐವತ್ತು ವರ್ಷವಾಗಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಪೆಟ್ಟಿಗೆ ಮಾರುವವರು ವರದರಾಜು ಎಂಬ ನಡುವಯಸ್ಸಿನ ಸಂಕೋಚದ ಮನುಷ್ಯ. ಎರಡು ಬಗೆಯ ಪೆಟ್ಟಿಗೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಒಂದು ಹಸಿರು, ಒಂದು ಬೂದು. ಶಾಲೆಯ ಕೊಠಡಿಯಲ್ಲಿ ಎಲ್ಲರ ಮುಂದೆ ಬಿಚ್ಚಿಟ್ಟರು.

"ಹಸಿರು ಒಳ್ಳೇದು, ಟೀಚರಮ್ಮ. ಸುಳ್ಳು ಹೇಳಲ್ಲ. ಒಂದೊಂದು ಅಕ್ಷರ ಕಳಿಸಿದ ಮೇಲೂ ಮುಂದಿನ ಮನೆಯನ್ನ 'ಸೇರಿತಾ' ಅಂತ ಕೇಳತ್ತೆ. 'ಸೇರಿತು' ಅಂತ ಉತ್ತರ ಬಂದ್ರೇನೇ ಇನ್ನೊಂದು ಕಳಿಸೋದು. ಒಂದಕ್ಷರ ಕಳೆಯಲ್ಲ."

"ಮತ್ತೆ ಬೂದು?" ಎಂದರು ಹಣ ಕೂಡಿಸಿದ ಸಮಿತಿಯ ಅಧ್ಯಕ್ಷರಾದ ನಂಜರಾಜಯ್ಯ. ಅಂಗಡಿ ಇಟ್ಟವರು, ಎರಡನೇ ಮನೆಯವರು.

"ಅದು ಕೇಳಲ್ಲ. ಕಳಿಸ್ತಾ ಇರತ್ತೆ ಅಷ್ಟೇ. ಆದ್ರೆ ಒಂದು ಹಸಿರಿನ ಬೆಲೆಗೆ ಮೂರು ಬೂದು ಬರತ್ತೆ."

"ಅರ್ಧ ಹಸಿರು, ಅರ್ಧ ಬೂದು ಹಾಕಿದ್ರೆ?"

"ಆಗಲ್ಲ ಸ್ವಾಮಿ. ಹಸಿರು 'ಸೇರಿತಾ, ಸೇರಿತಾ' ಅಂತ ಕೇಳ್ತಾನೇ ಇರತ್ತೆ. ಬೂದು ಉತ್ತರಾನೇ ಕೊಡಲ್ಲ."

"ನಮ್ಮನೆಯವರ ಹಂಗೇ," ಎಂದಳು ಹಿಂದಿನ ಬೆಂಚಿನಿಂದ ಸುಣ್ಣದ ಗೂಡಿನ ಮಾಯಮ್ಮ. ಅವಳ ಗಂಡ ಪಕ್ಕದಲ್ಲೇ ಕೂತಿದ್ದ, ಉತ್ತರ ಕೊಡಲಿಲ್ಲ. ಎಲ್ಲರೂ ನಕ್ಕರು.

ಕೂಡಿದ ಹಣಕ್ಕೆ ಬೂದು ತೆಗೆದುಕೊಂಡರೆ ನಲವತ್ತೊಂದು ಮನೆಗೂ ಸಾಕಿತ್ತು. ಹಸಿರಾದರೆ ಹದಿಮೂರು ಮನೆಗೆ ಮಾತ್ರ. ಹದಿನಾಲ್ಕನೇ ಮನೆಯವರಿಂದ ಹಣ ಇಸಿದುಕೊಂಡು ನಿಮಗೆ ಪೆಟ್ಟಿಗೆಯಿಲ್ಲ ಎಂದು ಹೇಳುವವರು ಯಾರು? ವರದರಾಜು ಒಳ್ಳೆಯ ಮಾತು ಹೇಳಿದರು: "ಒಂದು ವಾರ ಬೂದು ಹಾಕಿ ನೋಡಿ. ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ, ಬಸ್ ಚಾರ್ಜೂ ಕೇಳಲ್ಲ."

ಬೂದು ಪೆಟ್ಟಿಗೆಯ ಬದಿಯಲ್ಲಿ ಒಂದು ತಿರುಪು ಇತ್ತು. ಒಂದರಿಂದ ಎಂಟರವರೆಗೆ ಗುರುತು, ಎಂಟು ಅತಿ ವೇಗ. ಎಲ್ಲ ಮನೆಯ ತಿರುಪೂ ಒಂದೇ ಅಂಕಿಯಲ್ಲಿರಬೇಕು. ಒಂದು ಮನೆಯದು ಬೇರೆಯಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ವರದರಾಜು ಎಲ್ಲವನ್ನೂ ಎಂಟಕ್ಕಿಟ್ಟು ಹೋದರು. ಮೊದಲ ದಿನ ಊರಿಗೆ ಹಬ್ಬ. ಹಳೆಯ ಪೆಟ್ಟಿಗೆಯಲ್ಲಿ ನಂಜರಾಜಯ್ಯನವರ ಸಾಮಾನಿನ ಪಟ್ಟಿ ಸಾಗುವುದಕ್ಕೆ ಬೆಳಗೆಲ್ಲ ಬೇಕಿತ್ತು, ಈಗ ಎಲೆ ಅಡಿಕೆ ಮಡಿಸುವಷ್ಟರಲ್ಲಿ ಮುಗಿಯಿತು.

ಎರಡನೇ ದಿನ ಅವರು ಮೂವತ್ತಾರನೇ ಮನೆಯ ಮಾಯಮ್ಮನಿಗೆ 'ನಾಳೆ ಎರಡು ಕತ್ತೆ ಕಳಿಸಿ' ಎಂದು ಹೇಳಿ ಕಳಿಸಿದರು, ಸುಣ್ಣ ಹೊರುವುದಕ್ಕೆ. ಮಾಯಮ್ಮನ ಗಾಜಿನಲ್ಲಿ ಬಂದದ್ದು 'ನಾಳೆ ಎರಡು ಕತೆ ಕಳಿಸಿ.' ಅಷ್ಟು ದೊಡ್ಡ ಮನುಷ್ಯರು ಕೇಳಿದ್ದಾರಲ್ಲ ಎಂದು ಅವಳು ಮಾರನೇ ದಿನ ಕೂತು, ತನ್ನಜ್ಜಿ ಹೇಳುತ್ತಿದ್ದ ಏಳು ಮಂದಿ ಸೊಸೆಯರ ಕತೆ ಒಂದು, ಮಾತಾಡುವ ಕುಂಬಳಕಾಯಿಯ ಕತೆ ಒಂದು, ಪೂರ್ತಿ ಒತ್ತಿ ಕಳಿಸಿದಳು. ನಂಜರಾಜಯ್ಯ ಅಂಗಡಿಯ ಗಿರಾಕಿಗಳನ್ನು ಕಾಯಿಸಿ ಎರಡನ್ನೂ ಓದಿದರು. ಎರಡನೆಯದು ಚೆನ್ನಾಗಿತ್ತೆಂದು ಉತ್ತರವನ್ನೂ ಕೊಟ್ಟರು. ಸುಣ್ಣ ಮಾತ್ರ ಗೂಡಿನಲ್ಲೇ ಉಳಿಯಿತು.

ನನಗೆ ಆಗಲೇ ಅನುಮಾನ ಬಂದಿತ್ತು. ಒತ್ತಕ್ಷರ ಬಂದರೆ ತಂತಿಯಲ್ಲಿ ಒಂದರ ಬೆನ್ನಿಗೊಂದು ಮೂರು ಸಂಕೇತ ಹೋಗಬೇಕು. ಬೂದು ಪೆಟ್ಟಿಗೆಯೊಳಗೆ ಹಿಡಿದಿಟ್ಟುಕೊಳ್ಳುವ ಜಾಗ ಇದ್ದದ್ದು ಎರಡಕ್ಕೆ. ಮೊದಲಿನದನ್ನು ಮುಂದಕ್ಕೆ ದಾಟಿಸುವ ಮುಂಚೆ ಮೂರನೆಯದು ಬಂದುಬಿಟ್ಟರೆ ಅದಕ್ಕೆ ಕೂರಲು ಜಾಗವಿಲ್ಲದೆ ಬಿದ್ದುಹೋಗುತ್ತದೆ. ಅಕ್ಕಪಕ್ಕದ ಮನೆಗಳ ನಡುವೆ ಇದು ಗೊತ್ತೇ ಆಗುವುದಿಲ್ಲ. ಇಪ್ಪತ್ತು, ಮೂವತ್ತು ಮನೆ ದಾಟುವಷ್ಟರಲ್ಲಿ ಒತ್ತುಗಳೆಲ್ಲ ದಾರಿಯಲ್ಲೇ ಉದುರಿರುತ್ತವೆ.

ನಾಲ್ಕನೇ ದಿನ ಬೆಳಿಗ್ಗೆ ಆರು ಗಂಟೆಗೆ ನನ್ನ ಗಾಜಿನಲ್ಲಿ ಮೂಡಿತು: 'ಎದೆ. ನೀರು.' ಮುಂದೆ ಏನೋ ಕಲಸಿಹೋಗಿತ್ತು. ಅನುಮಾನ, ಸಂಕೇತ, ಭೌತಶಾಸ್ತ್ರ ಎಲ್ಲ ಮರೆತೆ. ಎದೆ ಹಿಡಿದುಕೊಂಡು ನೀರು ಕೇಳುತ್ತಿದ್ದಾಳೆ ಎಂದಷ್ಟೇ ಹೊಳೆದದ್ದು. ತಂಬಿಗೆಯಲ್ಲಿ ನೀರು ತುಂಬಿಕೊಂಡು ಬರಿಗಾಲಿನಲ್ಲೇ ಹೊರಟೆ. ಬೀದಿಗಿಳಿದರೆ ಎಲ್ಲ ಮನೆಯ ಬಾಗಿಲೂ ತೆರೆದಿತ್ತು. ಒಬ್ಬರೂ ಬಟ್ಟೆ ಮುಚ್ಚಿ ಕೂತವರಲ್ಲ, ಎಲ್ಲರೂ ಓದಿದ್ದರು. ಊರಿನ ಡಾಕ್ಟರ್ ಲೀನಾ ಚೀಲ ಹಿಡಿದು ಓಡುತ್ತಿದ್ದರು. ನಂಜರಾಜಯ್ಯ ಪಂಚೆ ಎತ್ತಿ ಕಟ್ಟಿ ಕೊಡ ಹೊತ್ತಿದ್ದರು. ಏರಿಯ ಮೇಲೆ ಮೂವತ್ತು ಜನ, ಒಬ್ಬರ ದನಿಯೂ ಇಲ್ಲ, ಕಾಲಿನ ಸಪ್ಪಳ ಮತ್ತು ನೀರು ತುಳುಕುವ ಸದ್ದು ಮಾತ್ರ.

ದೇವೀರಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು.

"ಇದೇನ್ರಪ್ಪಾ, ಊರಿಗೆ ಊರೇ ಬಂದೀರಿ. ಯಾರು ಸತ್ರು?"

"ನೀನೇ ಕಣಮ್ಮ!" ಎಂದ ಗಿರಿಯಣ್ಣ, ಏದುಸಿರು ಬಿಡುತ್ತ. ಕೊನೆಯ ಮನೆಯವನಾದ್ದರಿಂದ ಅವನೇ ಮೊದಲು ತಲುಪಿದ್ದ. ತಲೆಯ ತುಂಬ ಹತ್ತಿ. "ಎದೆ ಎದೆ ಅಂತ ಹೊಡ್ದ್ಯಲ್ಲ!"

"ಎದ್ದೆ ಅಂದ್ನಪ್ಪ. ಎದ್ದೆ. ಏಳಬಾರದಿತ್ತಾ?"

ನಗು ಶುರುವಾದದ್ದು ಡಾಕ್ಟರರಿಂದ. ಆಮೇಲೆ ಎಲ್ಲರೂ ನಕ್ಕೆವು, ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವ ತನಕ. ದೇವೀರಮ್ಮನ ಹತ್ತಿರ ಇದ್ದದ್ದು ನಾಲ್ಕು ಲೋಟ. ನಾಲ್ಕು ನಾಲ್ಕು ಜನರಂತೆ ಕಾಫಿ ಕುಡಿದೆವು. ಲೋಟ ತೊಳೆದು ತೊಳೆದು ಕೊಟ್ಟವರು ನಂಜರಾಜಯ್ಯ, ಅದನ್ನು ನಾನು ಗಮನಿಸಿದೆ. ಎಲ್ಲರೂ ಹೊರಟ ಮೇಲೆ ದೇವೀರಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಇಂದಕ್ಕ, ನಾಳೇನೂ ಅಂಗೇ ಹೊಡೀಲಾ?"

"ನಾಳೆ ಯಾರೂ ಬರಲ್ಲ ಕಣೆ. ಗೊತ್ತಾಯ್ತಲ್ಲ ಎಲ್ಲರಿಗೂ."

"ಅದೂ ಸರಿ," ಎಂದಳು. ಲೋಟಗಳನ್ನು ಬೋರಲು ಹಾಕುತ್ತ, "ಈ ಮನೇಲಿ ಇಷ್ಟ್ ಜನ ನಕ್ಕಿದ್ದು ನನ್ನ ಮದುವೇಲೂ ಇಲ್ಲ," ಎಂದಳು.

ಭಾನುವಾರ ನಾನು ಸಾಲಿನವರನ್ನೆಲ್ಲ ಕೇಳಿಕೊಂಡು ಒಂದು ಪರೀಕ್ಷೆ ಮಾಡಿದೆ. ಗಂಟೆಗೊಂದರಂತೆ ಎಲ್ಲರೂ ತಿರುಪನ್ನು ಒಂದೊಂದು ಅಂಕಿ ಇಳಿಸಬೇಕು. ಪ್ರತಿ ಗಂಟೆಗೂ ದೇವೀರಮ್ಮ ಬೆಲ್ಲ, ಬೆಣ್ಣೆ, ಅಕ್ಕಿ, ಮಜ್ಜಿಗೆ ಎಂದು ಕಳಿಸಬೇಕು. ಎಂಟರಲ್ಲಿ ಮೊದಲ ಮೂರು ನಾಲ್ಕು ಅಕ್ಷರದಾಚೆ ಏನು ಬಂತೆಂದು ಓದಲಾಗಲಿಲ್ಲ. ಏರಿಯ ಮೇಲಿನ ಒಂದು ಮೈಲಿ ತಂತಿಯಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಐದರಲ್ಲಿ 'ಬೆಲ, ಬೆಣೆ'. ಮೂರರಲ್ಲಿ ಬೆಲ್ಲ ಸರಿಯಾಗಿ ಬಂತು, ಮಜ್ಜಿಗೆ 'ಮಜಿಗೆ' ಆಯಿತು. ಎರಡರಲ್ಲಿ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಒಂದರಲ್ಲಿ ನಾಲ್ಕೂ ಪೂರ್ತಿಯಾಗಿ, ಒತ್ತುಗಳ ಸಮೇತ ಬಂದು ನಿಂತವು. ಹಳೆಯ ಕಬ್ಬಿಣದ ಪೆಟ್ಟಿಗೆಯಷ್ಟೇ ನಿಧಾನವಾಗಿ. ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷವಾಯಿತು. ಆಮೇಲೆ ಹೊಳೆಯಿತು, ಸಾಲಿನ ತಿರುಪುಗಳೆಲ್ಲ ಒಂದೇ ಅಂಕಿಯಲ್ಲಿರಬೇಕು. ಒಂದು ಮನೆಯ ಮಾತು ಬರಬೇಕಾದರೆ ನಲವತ್ತು ಮನೆ ತೆವಳಬೇಕು.

ಸಭೆಯಲ್ಲಿ ನಂಜರಾಜಯ್ಯ ಅದನ್ನೇ ಹೇಳಿದರು. "ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ತೂಬಿನ ಮನೆಯಿಂದ ಊರಿಗೆ ಈಗ ಏನ್ ಬರಬೇಕಾಗಿದೆ? ನೀರಿನ ಮೆಟ್ಲು ತಾನೇ? ಒಂದು ಮನೆಗೋಸ್ಕರ ಊರೆಲ್ಲಾ ನಿಧಾನ ಆಗ್ಬೇಕಾ? ಎಂಟರಲ್ಲಿ ಓಡ್ಲಿ. ಒತ್ತು ಬೀಳತ್ತೆ, ಸರಿ, ಒತ್ತಿಲ್ಲದ ಪದ ಹುಡುಕ್ಕೊಂಡು ಕಳಿಸೋಣ. ಡಾಕ್ಟರು ಆಗಲೇ ಕಳಿಸ್ತಾ ಇದಾರೆ."

ಅದು ನಿಜ. ಡಾಕ್ಟರ್ ಲೀನಾ ಮಾತ್ರೆಯ ಹೆಸರು, ಹೊತ್ತು ಎಲ್ಲವನ್ನೂ ಒತ್ತಿಲ್ಲದೆ ಬರೆಯಲು ಕಲಿತಿದ್ದರು. 'ಹತ್ತು ಹನಿ' ಎಂದು ಕಳಿಸಬೇಕಾದಲ್ಲಿ 'ಐದು ಹನಿ, ಇನೊಂದು ಸಲ ಐದು ಹನಿ' ಎಂದು ಕಳಿಸುತ್ತಿದ್ದರು. 'ಇನ್ನೊಂದು' ಎಂಬುದರ ಒತ್ತನ್ನು ಅವರೇ ಮುಂಚಿತವಾಗಿ ತೆಗೆದುಬಿಟ್ಟಿದ್ದರು.

"ತೂಬಿನ ಮನೆಗೆ ಅದೂ ಆಗಲ್ಲ," ಎಂದೆ. "ಎಂಟರಲ್ಲಿ ಅವಳದು ಮೊದಲ ಮೂರು ನಾಲ್ಕು ಅಕ್ಷರ ಬಿಟ್ಟರೆ ಒಂದೂ ಸರಿಯಾಗಿ ಬರಲ್ಲ. ತಂತಿ ಉದ್ದ."

"ಹಂಗಾದ್ರೆ ಅವಳೇ ಊರೊಳಕ್ಕೆ ಬಂದಿರ್ಲಿ," ಎಂದರು ಯಾರೋ.

"ಅದನ್ನ ನಾನು ಹತ್ತು ವರ್ಷದಿಂದ ಕೇಳ್ತಾ ಇದೀನಿ," ಎಂದ ಗಿರಿಯಣ್ಣ. "ಬರಲ್ಲ. ಗಂಡ ಕಟ್ಟಿದ ಒಲೆಯಂತೆ. ಒಲೆ ಎತ್ಕೊಂಡು ಬರಕ್ಕಾಗಲ್ವಂತೆ."

ಎಲ್ಲರೂ ನನ್ನ ಕಡೆ ನೋಡಿದರು. ಯಾವ ಪೆಟ್ಟಿಗೆ, ಯಾವ ವೇಗ ಎಂದು ಬರೆದು ನಾನು ಸಹಿ ಹಾಕಬೇಕಿತ್ತು. ನಾನು ಎದ್ದು ನಿಂತೆ. ತರಗತಿಯಲ್ಲಿ ನಿಂತು ರೂಢಿಯಾದ ಜಾಗವೇ.

"ಈ ವಿಷಯದಲ್ಲಿ ನನ್ನ ಮಾತು ಹಿಡೀಬೇಡಿ," ಎಂದೆ. "ಲೆಕ್ಕ ನೋಡಿದರೆ ನಂಜರಾಜಯ್ಯನವರದು ಸರಿ. ಬೂದು, ಎಂಟು. ಹಾಕಿದ ಹಣಕ್ಕೆ ಇದಕ್ಕಿಂತ ಹೆಚ್ಚು ಕೆಲಸ ಬೇರೇದರಲ್ಲಿ ಸಿಗಲ್ಲ. ಆದರೆ ನನಗೆ ದಿನಕ್ಕೆ ಬರೋದು ಅವಳೊಬ್ಬಳ ಮಾತು. ಒಂದಕ್ಕೆ ಇಡಿ ಅಂತ ನಾನು ಹೇಳಿದರೆ ಅದು ವಿಜ್ಞಾನ ಅಲ್ಲ. ಅದು ನನ್ನ ಸ್ವಾರ್ಥ."

ಇಷ್ಟು ವರ್ಷದಲ್ಲಿ ನಾನು ಈ ಊರಿನಲ್ಲಿ ಅಂಥ ಮಾತು ಆಡಿರಲಿಲ್ಲ. ನಾನು ಕೂತೆ. ಮಾಯಮ್ಮ ಹಿಂದಿನ ಬೆಂಚಿನಿಂದ ಎದ್ದು ಬಂದು ನನ್ನ ಪಕ್ಕ ಕೂತಳು.

ಗಿರಿಯಣ್ಣ ಎದ್ದು ನಿಂತ. "ಬೆಳಿಗ್ಗೆ ಆರರಿಂದ ಆರೂವರೆ ತನಕ ಎಲ್ರೂ ಒಂದಕ್ಕೆ ಇಟ್ಕಳಣ. ಆಯಮ್ಮ ಎದ್ದೆ ಅಂತ ಹೇಳ್ಕಳ್ಲಿ. ಟೀಚರಮ್ಮ ಅದೇನೋ ಕಿವಿಗೆ ಬಟ್ಟೆ ಕಟ್ಕೋ ಅಂತಾರಲ್ಲ, ಅದ್ನೂ ಹೇಳ್ಕಳ್ಲಿ. ಆಮೇಲೆ ಎಂಟಕ್ಕೆ ತಿರುವ್ಕಳಣ."

ಆ ಮಾತು ಅವನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

"ದಿನಾ ಆರು ಗಂಟೆಗೆ ತಿರುವೋರು ಯಾರು?" ಎಂದರು ನಂಜರಾಜಯ್ಯ. "ನೀನಾ? ಸೂರ್ಯ ನೆತ್ತಿಗೆ ಬಂದ್ರೂ ನಿನ್ನ ಹತ್ತಿ ಮೂಟೆ ಮೇಲಿಂದ ಎಬ್ಬಿಸಕ್ಕೆ ಇಬ್ರು ಬೇಕು."

"ಎದ್ದೇಳ್ತೀನಿ ಸ್ವಾಮಿ. ಮದುವೆ ದಿವ್ಸ ಎದ್ದಿರ್ಲಿಲ್ವಾ?"

"ಮುಹೂರ್ತ ಮೀರಿತ್ತು ಕಣೋ!"

ನಗುವಿನ ನಡುವೆಯೇ ಕೈ ಎತ್ತಿಸಿದರು. ಎಲ್ಲರೂ ಎತ್ತಿದರು. ಕೊನೆಗೆ ನಂಜರಾಜಯ್ಯನವರೂ ಎತ್ತಿ, "ಅರ್ಧ ಗಂಟೆ. ಒಂದು ನಿಮಿಷ ಹೆಚ್ಚಿಲ್ಲ," ಎಂದರು. ಬೂದು ಪೆಟ್ಟಿಗೆ ಎಂದು ಬರೆದು ನಾನು ಸಹಿ ಹಾಕಿದೆ. ಮನೆಗೆ ಬಂದು ಯೋಚಿಸಿದರೆ, ಹಸಿರು ಪೆಟ್ಟಿಗೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ನಲವತ್ತು ಜನ ನಿದ್ದೆಗಣ್ಣಿನಲ್ಲಿ ಎದ್ದು ಕೈಯಿಂದ ಮಾಡಬೇಕಿತ್ತು. ಉಳಿಸಿದ ಹಣಕ್ಕೆ ಬದಲಾಗಿ ಕೊಡಬೇಕಾದದ್ದು ಅದು.

ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಯಾರಾದರೂ ಮರೆಯುತ್ತಿದ್ದರು. ಒಂದು ಮನೆ ಮರೆತರೆ ದೇವೀರಮ್ಮನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆರೂಕಾಲರವರೆಗೆ ಗಾಜು ಖಾಲಿ ಇದ್ದರೆ ನಾನು ಶಾಲು ಹೊದ್ದು ಹೊರಡುತ್ತಿದ್ದೆ, ಮನೆ ಮನೆಯ ಬಾಗಿಲು ತಟ್ಟಿಕೊಂಡು. ನಿಂತ ಮನೆ ಸಿಕ್ಕಿದರೆ ಅಲ್ಲಿಯವರು ನಾಲಿಗೆ ಕಚ್ಚಿಕೊಂಡು ತಿರುಪು ತಿರುಗಿಸುತ್ತಿದ್ದರು, ಅದರಾಚೆ ಕೆರೆಯ ಕಡೆಯ ಮನೆಯವರು ದೇವೀರಮ್ಮನ ಮಾತನ್ನು ಇನ್ನೊಮ್ಮೆ ಒತ್ತಿ ಕಳಿಸುತ್ತಿದ್ದರು, ನನ್ನನ್ನು ಕಾಫಿ ಕುಡಿಯದೆ ಬಿಡುತ್ತಿರಲಿಲ್ಲ. ಒಬ್ಬರ ಮನೆಯ ಮಗುವಿಗೆ ಗಂಟಲು ನೋವು, ಇನ್ನೊಬ್ಬರ ಮನೆಯಲ್ಲಿ ಹೊಸ ಕರು. ಐವತ್ತು ವರ್ಷದಲ್ಲಿ ನೋಡದ ಅಡುಗೆಮನೆಗಳನ್ನು ಆ ತಿಂಗಳು ನೋಡಿದೆ. ಹೆಚ್ಚಾಗಿ ಮಾತು ನಿಲ್ಲುತ್ತಿದ್ದದ್ದು ನಲವತ್ತನೇ ಮನೆಯಲ್ಲೇ. ಗಿರಿಯಣ್ಣ ಹತ್ತಿ ಮೂಟೆಯ ಮೇಲಿಂದ ಎದ್ದು, ಕಣ್ಣುಜ್ಜಿಕೊಂಡು, "ಇವತ್ತೊಂದಿನ ಟೀಚರಮ್ಮ, ಇವತ್ತೊಂದಿನ," ಎನ್ನುತ್ತಿದ್ದ.

ಆಮೇಲೆ ಜನರಿಗೆ ಕೈ ಕೂಡಿತು. ಕೆಲವರು ಹಾಲು ಕಾಯಿಸಲು ಇಡುವ ಮೊದಲು ತಿರುಗಿಸುತ್ತಿದ್ದರು, ಕೆಲವರು ಮುಖ ತೊಳೆದ ಮೇಲೆ. ಎರಡನೇ ತಿಂಗಳು ಎರಡೇ ಸಲ ಮರೆತರು. ಮೂರನೆಯದರಲ್ಲಿ ಒಂದು ಸಲ, ಅದೂ ಗಿರಿಯಣ್ಣ. ದಿನವೂ ಆರಕ್ಕೆ ಅವಳ ಮಾತು ಪೂರ್ತಿಯಾಗಿ ಬರುತ್ತಿತ್ತು. ನಾನು ಓದಿ, ಉತ್ತರ ಒತ್ತಿ, ಕಿಟಕಿಯಲ್ಲಿ ಕೂರುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕೆಲವು ಬೆಳಿಗ್ಗೆ ಯಾರಾದರೂ ಮರೆಯಬಾರದೇ ಎನ್ನಿಸುತ್ತಿತ್ತು. ಶಾಲು ಕುರ್ಚಿಯ ಮೇಲೇ ಇರುತ್ತಿತ್ತು.

ಚಳಿಗಾಲ ಮುಗಿಯುತ್ತ ಬಂದಿತ್ತು. ನೀರು ಒಂಬತ್ತು ಮೆಟ್ಟಿಲಿಗೆ ಬಂದಿದೆ ಎಂದು ಅವಳು ಹಿಂದಿನ ದಿನ ಕಳಿಸಿದ್ದಳು. ಆ ದಿನ ಆರಾಯಿತು, ಆರೂಕಾಲಾಯಿತು, ಗಾಜು ಖಾಲಿ. ಶಾಲು ಹೊದ್ದು ಹೊರಟೆ. ನಿಜ ಹೇಳಬೇಕೆಂದರೆ ಮೊದಲ ನಾಲ್ಕು ಮನೆಯವರೆಗೆ ಮನಸ್ಸು ಹಗುರವಾಗಿಯೇ ಇತ್ತು. ಎಷ್ಟೋ ದಿನದ ಮೇಲೆ ನಾಲ್ಕು ಜನರ ಮುಖ ನೋಡುವ ನೆಪ ಸಿಕ್ಕಿತ್ತು.

ನಂಜರಾಜಯ್ಯ ಒಳಗೆ ಕರೆದು ಪೆಟ್ಟಿಗೆ ತೋರಿಸಿದರು. ತಿರುಪು ಒಂದರಲ್ಲಿತ್ತು. "ಆರಕ್ಕೆ ಐದು ನಿಮಿಷ ಇರೋವಾಗ್ಲೇ ತಿರುಗಿಸಿದೀನಿ ಟೀಚರಮ್ಮ. ಏನೂ ಬರಲಿಲ್ಲ. ಮುಂದೆ ಯಾರೋ ಮರ್ತಿರ್ಬೇಕು." ಮೂರನೇ ಮನೆ ಒಂದರಲ್ಲಿತ್ತು. ಎಂಟನೆಯದು, ಒಂಬತ್ತನೆಯದು ಒಂದರಲ್ಲಿದ್ದವು. ಡಾಕ್ಟರ್ ಲೀನಾ ಬಾಗಿಲಲ್ಲೇ ನಿಂತು, ಹೊರಗೆ ಮಾತು ನಡೆಯುವುದಿಲ್ಲವಾದ್ದರಿಂದ ಒಂದು ಬೆರಳು ಎತ್ತಿ ತೋರಿಸಿದರು. ಅವರ ಹಿಂದೆ ಮೇಜಿನ ಮೇಲೆ ಚೀಲ ಕಾಣಿಸುತ್ತಿತ್ತು. ನನ್ನ ಮುಖ ನೋಡಿ ಅವರು ಚೀಲ ತರಲು ಒಳಗೆ ಹೋದರು.

ಇಪ್ಪತ್ತು ಮನೆ ದಾಟಿದ ಮೇಲೆ ನಾನು ಒಳಗೆ ಹೋಗುವುದನ್ನು ಬಿಟ್ಟೆ. ಜನ ನಾನು ಬರುವುದನ್ನು ನೋಡಿ ತಾವೇ ಬಾಗಿಲಿಗೆ ಬಂದು ಒಂದು ಬೆರಳು ಎತ್ತುತ್ತಿದ್ದರು. ಒಂದು. ಒಂದು. ಒಂದು. ಕೆಲವರ ಬೆರಳಿಗೆ ಹಿಟ್ಟು ಮೆತ್ತಿತ್ತು. ಯಾರಾದರೂ ಒಬ್ಬರು ನಾಲಿಗೆ ಕಚ್ಚಿಕೊಳ್ಳಲಿ ಎಂದು ನಾನು ಒಂದೊಂದು ಬಾಯಿಯನ್ನೂ ನೋಡುತ್ತಿದ್ದೆ. ಮೂವತ್ತಾರನೇ ಮನೆಯ ಮಾಯಮ್ಮ ಬೆರಳು ಎತ್ತಿದವಳು, ಅದನ್ನು ಇಳಿಸಲು ಮರೆತು ಹಾಗೇ ನಿಂತಿದ್ದಳು. ಮೂವತ್ತೊಂಬತ್ತನೆಯದೂ ಆಯಿತು.

ಗಿರಿಯಣ್ಣನ ಮನೆ ಉಳಿದಿತ್ತು. ಅವನು ಮರೆತಿದ್ದರೆ ಯಾರಿಗೂ ಏನೂ ಬಂದಿರಲಿಕ್ಕಿಲ್ಲ, ಎಲ್ಲವೂ ಅದಕ್ಕೆ ಸರಿಹೋಗುತ್ತಿತ್ತು. ಅವನು ಮರೆಯುವವನು. ಮುಹೂರ್ತ ಮೀರಿ ಎದ್ದವನು. ಮೆಟ್ಟಿಲು ಹತ್ತುವಾಗ ನನಗೆ ಅವನ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

ಅವನು ಎದ್ದಿದ್ದ. ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದ. ನಾನು ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತು ಪೆಟ್ಟಿಗೆಗೆ ಅಡ್ಡವಾದ.

"ಮರ್ತ್ಬಿಟ್ಟೆ ಟೀಚರಮ್ಮ," ಎಂದ.

ಅವನ ಮೊಣಕೈಯ ಸಂದಿಯಿಂದ ತಿರುಪು ಕಾಣುತ್ತಿತ್ತು. ಒಂದರಲ್ಲಿತ್ತು.

"ಮರೆತೆಯಾ?" ಎಂದೆ.

"ಊಂ. ನನ್ನ ಬುದ್ಧಿ ಗೊತ್ತಲ್ಲ ನಿಮಗೆ. ನಿದ್ದೆ ಹತ್ಬಿಡ್ತು." ಅವನ ಕಣ್ಣುಗಳು ಕೆಂಪಗಿದ್ದವು.

"ಇರಲಿ ಬಿಡು ಗಿರಿಯಣ್ಣ. ಈಗ ತಿರುಗಿಸು."

ಅವನು ನನ್ನ ಕಡೆಗೆ ಬೆನ್ನು ಮಾಡಿ, ತಿರುಪಿನ ಮೇಲೆ ಕೈಯಿಟ್ಟು, ತಿರುಗಿಸಿದವನ ಹಾಗೆ ಭುಜ ಅಲ್ಲಾಡಿಸಿದ. ಆಮೇಲೆ ಮಣೆಯನ್ನು ನನ್ನ ಕಡೆ ಸರಿಸಿದ. ನಾನು ಕೂತೆ. ಅವನು ನೆಲದ ಮೇಲೆ ಕೂತ. ಇಬ್ಬರೂ ಗಾಜಿನ ಪಟ್ಟಿಯನ್ನೇ ನೋಡು‌ತ್ತಿದ್ದೆವು, ಆರೂವರೆಯಾಗುವ ತನಕ, ಅದಾದ ಮೇಲೂ ಬಹಳ ಹೊತ್ತು. ಬೀದಿಯಲ್ಲಿ ಕಾಲಿನ ಸಪ್ಪಳ ಒಂದೊಂದಾಗಿ ಬಂದು ಬಾಗಿಲ ಹತ್ತಿರ ನಿಲ್ಲುತ್ತಿತ್ತು. ಎಂಟಕ್ಕೆ ತಿರುಗಿಸಲು ಯಾರೂ ಮನೆಗೆ ಹೋಗಿರಲಿಲ್ಲ. ಕೊನೆಗೆ ಗಿರಿಯಣ್ಣ ಎದ್ದು, ಮೂಲೆಯಲ್ಲಿದ್ದ ತನ್ನ ಚಪ್ಪಲಿ ತಂದು ನನ್ನ ಬರಿಗಾಲಿನ ಹತ್ತಿರ ಇಟ್ಟ.

"ಏರಿ ಮೇಲೆ ಇಬ್ಬನಿ ಇರತ್ತೆ," ಎಂದ. "ಮೆಟ್ಕೊಳಿ."